ಎರಡು ಮನೆ ನಡೆದ ಕಾಲಾಳು

ಮೊಳಕಾಲ್ಮೂರು,
ತಾ॥ ೧೧ನೇ ಫೆಬ್ರವರಿ ೧೯೦೯

ಪ್ರೀತಿಯ ಚಿನ್ನಾ,
(ನಿನ್ನ ಹೆಸರಿನ ‘ಅಕ್ಕ’ನನ್ನು ಲಕೋಟೆಯ ಮೇಲೆಯೇ ಬಿಟ್ಟಿದ್ದೇನೆ, ಹೆಂಡತಿಗೆ ಅಕ್ಕ ಎನ್ನಲು ನಾಲಿಗೆ ಏಳದು.)

ಬಾಣಂತನ ಹೇಗೆ ಸಾಗಿದೆ? ಸೊಂಟದ ನೋವು ಇಳಿಯಿತೆ? ಕೂಸು ಹಾಲು ಕುಡಿಯುತ್ತಿದೆಯೆ? ಈಗ ನನ್ನ ಅಪರಾಧವನ್ನು ಸತ್ಯಪ್ರಮಾಣವಾಗಿ ಅರಿಕೆ ಮಾಡುತ್ತೇನೆ: ಮೊನ್ನೆ ಹಾಡಹಗಲೇ ನಿನ್ನ ಪೂಜೆಯ ಬಟ್ಟಲಿನಿಂದ ಒಂದು ಅರಿಸಿನದ ಕೊಂಬು ಕದ್ದೆ. ನಮ್ಮ ಚದುರಂಗದಲ್ಲಿ ಒಂದು ಆನೆ ಕಳೆದಿದೆಯಲ್ಲ, ಅದರ ಜಾಗಕ್ಕೆ. ಇದಕ್ಕಿಂತ ದೊಡ್ಡ ತಪ್ಪು ಮುಂದಿದೆ. ಕಾಗದವನ್ನು ನೀನೇ ಓದಿಕೊ. ನಿನ್ನ ತಮ್ಮ ಜೋಗಪ್ಪನ ಕೈಗೆ ಕೊಟ್ಟರೆ ನಿಮ್ಮೂರು ನನ್ನಿವಾಳದ ಕಟ್ಟೆಯ ಮೇಲೆ ನಿಂತು ಊರಿಗೇ ಕೇಳುವಂತೆ ಓದುತ್ತಾನೆ.

ನಿಮ್ಮಪ್ಪ ಕಂಬಳಿ ಮಾರಲು ಇಲ್ಲಿಗೆ ಬಂದರು. ಕೂಸಿಗೆ ತಮ್ಮವ್ವನ ಹೆಸರು, ಮೂಗಮ್ಮ ಅಂತಲೇ ಇಡಬೇಕೆಂದರು. ಸುಲೋಚನಾ ಎಂದೇ ಇಡಿಸುತ್ತೇನೆಂದು ನಾನು ನಿನಗೆ ಆಣೆಯಿಟ್ಟಿದ್ದೆ. ವಾದ ಬಗೆಹರಿಯಲಿಲ್ಲ. “ಚದುರಂಗಕ್ಕೆ ಕೂತ್ಕೊಳ್ರಿ ಮಾವ, ಗೆದ್ದೋರು ಹೇಳಿದ್ದೇ ಹೆಸರು” ಎಂದವನು ನಾನೇ. ಕಾಲೇಜಿನಲ್ಲಿ ಪಾಠ ಬಿಟ್ಟು ಚದುರಂಗವನ್ನೇ ಓದಿದವನಿಗೆ ಹೆದರಿಕೆಯೇನು?

ಕಾಲೇಜಿನಲ್ಲಿ ಕಲಿತ ಇಂಗ್ಲಿಷರ ಕ್ರಮದಂತೆ ರಾಜನ ಮುಂದಿನ ಕಾಲಾಳನ್ನು ಮೊದಲ ನಡೆಗೇ ಎರಡು ಮನೆ ನಡೆಸಿದೆ. ನಮ್ಮ ಕಡೆ ಅದಕ್ಕೆ ಒಂದೇ ಮನೆ. ನಿಮ್ಮಪ್ಪ ನೋಡಿ, “ಅಳಿಯಂದ್ರ ಆಳು ಉಂಡು ಹೊರಟಂಗಿಲ್ಲ, ಓಡ್ತೈತೆ. ಹೋಗ್ಲಿ, ನಿಮ್ಮಾಳು ನಿಮ್ಮ ಪದ್ಧತಿ, ನಮ್ಮ ರಾಜ ನಮ್ಮ ಪದ್ಧತಿ” ಎಂದರು. ದೊಡ್ಡ ಮನಸ್ಸು ಮಾಡಿ ಒಪ್ಪಿದೆ. ನನ್ನ ಒಂಟೆ ಹೊರಟಿತು, ಮಂತ್ರಿ ನುಗ್ಗಿದ. ಇನ್ನೊಂದು ನಡೆಗೆ ಆಟ ಮುಗಿಯಬೇಕು. ನಾನು ಮೀಸೆ ತಿರುವುತ್ತಿದ್ದಂತೆ ಅವರ ರಾಜ ಕುದುರೆಯ ಹಾಗೆ ಛಂಗನೆ ಹಾರಿ ಆಚೆ ಕೂತ. ಷಾ ಎಂಬ ಎಚ್ಚರಿಕೆ ಬೀಳುವ ಮುಂಚೆ ರಾಜ ಒಂದು ಸಲ ಹಾಗೆ ನೆಗೆಯಬಹುದೆಂದು ಇಲ್ಲಿ ಕುರಿ ಕಾಯುವವರಿಗೂ ಗೊತ್ತು. ನನಗೂ ಗೊತ್ತಿತ್ತು, ಕಾಲೇಜಿಗೆ ಹೋಗುವ ಮುಂಚೆ. ಹಗೆಯ ಮನೆಯಲ್ಲಿ ಒಂಟಿಯಾದ ಮಂತ್ರಿ ಸತ್ತ. ನನ್ನ ರಾಜ ಮೊಳಕಾಲ್ಮೂರಿನಲ್ಲೇ ಮೊಳಕಾಲೂರಿದ.

ಕಣ್ಣಿನ ಹೆಸರು ಹೋಗಿ ಮೂಗಿನ ಹೆಸರು ಬಂತು, ಚಿನ್ನಾ. ನಿನಗೆ ಮುಖ ತೋರಿಸಲು ನಾಚಿಕೆಯಾಗಿ, ಬರಬೇಕಾದವನು ಬರೆಯುತ್ತಿದ್ದೇನೆ. ಆದರೂ ಒಂದು ಮಾತು ತಿಳಿದಿರಲಿ: ಹಿರಿಯರೆಂಬ ಗೌರವಕ್ಕೆ ಒಂದೇ ಆಟಕ್ಕೆ ನಿಲ್ಲಿಸಿ ಎದ್ದೆ. ಇನ್ನೊಂದು ಆಡಿದ್ದರೆ ನಿಮ್ಮಪ್ಪನ ಗತಿಯೇ ಬೇರೆಯಿತ್ತು.

ಅತ್ತೆಯವರಿಗೆ ನಮಸ್ಕಾರ ಹೇಳು. ಕೂಸಿನ ಅಂಗಾಲಿಗೆ ಒಂದು ಮುತ್ತು. ಹೆಸರು ಹೇಳಬೇಕಾದ ಕಿವಿಯ ಹತ್ತಿರ ಬರಲು ನನಗಿನ್ನು ಮುಖವಿಲ್ಲ.

ನಿನ್ನವನೇ ಆದ,
ಕ್ಯಾತಪ್ಪ

ಬಿಟ್ಟುಹೋದದ್ದು: ನಿಮ್ಮಪ್ಪ ಗಾಡಿ ಹೂಡುತ್ತಿದ್ದಾರೆ, ಈ ಕಾಗದಕ್ಕಿಂತ ಮುಂಚೆಯೇ ಊರು ಮುಟ್ಟಿಯಾರು. ಹೇಗೂ ಅವರು ಹೇಳುತ್ತಾರೆ. ಇನ್ನೊಂದು ಆಟವನ್ನೂ ಆಡಿದೆವು. ಅವರು ಬೇಡವೆಂದರು, ನಾನೇ ಕಾಲು ಹಿಡಿದು ಕೂರಿಸಿದೆ. ಪಣಕ್ಕೆ ಒಡ್ಡಲು ಬೇರೇನೂ ಇರಲಿಲ್ಲವಾಗಿ, ನಮಗೆ ಮುಂದೆ ಹುಟ್ಟುವ ಮಗನ ಹೆಸರನ್ನು ಒಡ್ಡಿದೆ. ಅವನಿಗೆ ನಿಮ್ಮ ತಾತನ ಹೆಸರು, ಜುಂಜಣ್ಣ.