ಹಂಸನ ಗೋದಲಿಗೆ ಬಂದ ಕಣಿಕೆ

ಇಸವಿ ಎರಡು ಸಾವಿರದ ಇನ್ನೂರ ನಲವತ್ತೊಂದು, ಕಾರಹುಣ್ಣಿಮೆಯ ಮರುದಿನ.

ಪೂಜ್ಯ ಗಿರಿಮಲ್ಲವ್ವ ಆಯಿಗೆ, ನಿಮ್ಮ ಮನೆತನದ ಎಂಟನೆಯ ತಲೆಮಾರಿನ ಸೊಸೆ ಶಾಕಂಬರಿಯ ಶರಣು. ತಾರೀಖು ನೋಡಿ ಗಾಬರಿಯಾಗಬೇಡಿ, ಈ ಕಾಗದ ನಿಮಗಿಂತ ಸುಮಾರು ಇನ್ನೂರು ವರ್ಷ ಮುಂದಿನ ಕಾಲದಿಂದ ಬರುತ್ತಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವು ಜೋಳದ ಕಣಿಕೆಯಿಂದ, ಅಂದರೆ ಅದರ ಒಣ ದಂಟಿನಿಂದ, ಗೋಡೆ ಕಟ್ಟುವ ಜನ. ಅದನ್ನು ದನಕ್ಕೆ ಹಾಕುತ್ತೇವೆಂದರೆ ಎಲ್ಲರೂ ನಗುತ್ತಾರೆ. ದನಕ್ಕಿರುವುದು ಪಾಚಿಹಿಂಡಿ: ಕೆರೆಯಲ್ಲಿ ಬೆಳೆಸಿದ ಪಾಚಿಯನ್ನು ಒಣಗಿಸಿ ಒತ್ತಿದ ಬಿಲ್ಲೆ, ನಿಮ್ಮ ಶೇಂಗಾ ಹಿಂಡಿಯ ದೂರದ ತಂಗಿ ಅನ್ನಿ. ಊರಿಗೆ ಒಂದೇ ಹೋರಿ, ಹಂಸ. ಯುಗಾದಿಗೆ ಬಂದಾಗ ಅದರ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಕಾರಹುಣ್ಣಿಮೆಯೊಳಗೆ ಮೈ ತುಂಬದಿದ್ದರೆ ವಾಪಸು ಒಯ್ಯುತ್ತೇವೆಂದು ತಳಿಮನೆಯವರು, ಅಂದರೆ ಊರೂರಿಗೆ ಹೋರಿ ಹಂಚುವ ಕಚೇರಿಯವರು, ಹೇಳಿ ಹೋಗಿದ್ದರು. ಹಂಸ ಹೋದರೆ ನಮ್ಮ ಆಕಳುಗಳಿಗೆ ಇನ್ನು ಕರುವಿಲ್ಲ.

ಊರವರೆಲ್ಲ ಮುದ್ದಿನಿಂದ, ಬೇರೆ ದನಗಳ ಹಾಗೆ ಹೊರಗೆ ಮೇಯಲೂ ಬಿಡದೆ, ಹಿಂಡಿ ತಂದು ಸುರಿದದ್ದೇ ಸುರಿದದ್ದು. ಹಂಸ ಮೆಲುಕು ನಿಲ್ಲಿಸಿ ಮಲಗಿಬಿಟ್ಟಿತು. ನನಗೆ ಅಳುವೇ ಬಂತು. ಆಗ ನನ್ನ ಅತ್ತೆ ನೀಲಗಂಗವ್ವ ಸೊಂಟಕ್ಕೆ ಕೈಯಿಟ್ಟು ಬೈದರು: “ಏ ಹುಚ್ಚಿ, ಬರೇ ಹಿಂಡಿ ಹಾಕಿದ್ರ ಹೊಟ್ಟಿ ಕೆಡದ ಇರತದೇನು? ಲಗ್ನ ಆಗಿ ಬಂದ ದಿನಾ ಏನ್ ಕಲಸಿದ್ದಿ, ಮರತಿ?”

ಅಯ್ಯೋ, ಹೌದಲ್ಲ! ನಮ್ಮ ಮನೆಗೆ ಬಂದ ಸೊಸೆ ಮೊದಲ ದಿನವೇ ಕತ್ತರಿಸಿದ ಕಣಿಕೆಗೆ ನೆನೆಸಿದ ಹಿಂಡಿಯ ನೀರು ಚಿಮುಕಿಸಿ ಕೈಯಾರೆ ಕಲಸಬೇಕು. ಆಕಳು ಹಿಂಡಿ ನೆಕ್ಕಿ ಕಣಿಕೆ ಬಿಟ್ಟರೆ ನಾದಿನಿಯರು ವರ್ಷವಿಡೀ ಆಡಿಕೊಳ್ಳುತ್ತಾರೆ. ಈ ಪದ್ಧತಿ ಹಾಕಿಕೊಟ್ಟವರು ನೀವಂತೆ. ನಾವದನ್ನು ಬರೀ ತಮಾಷೆ ಅಂದುಕೊಂಡಿದ್ದೆವು. ಹಿಂಡಿಯ ಸತ್ವವಿಲ್ಲದೆ ಕಣಿಕೆ ಮೈಗೆ ಹತ್ತದು, ಕಣಿಕೆಯಿಲ್ಲದೆ ಹಿಂಡಿ ಹೊಟ್ಟೆಗೆ ಒಗ್ಗದು ಎಂಬುದನ್ನು ಮದುವೆಯ ಗಲಾಟೆಯೊಳಗೆ ಕಟ್ಟಿಟ್ಟಿರಲ್ಲ, ಎಂಥ ಜಾಣೆ ಆಯಿ ನೀವು! ನೆನೆದರೆ ಮನಸ್ಸು ತುಂಬಿಬರುತ್ತದೆ.

ಹಿತ್ತಲ ಗೋಡೆಗೆಂದು ಪೇರಿಸಿದ್ದ ಕಣಿಕೆಯನ್ನೇ ಬಿಚ್ಚಿ ಕತ್ತರಿಸಿದೆವು. ನನ್ನ ಗಂಡ ಗೊಣಗಿದ, ಗೊಣಗಲಿ ಬಿಡಿ. ನಿಧಾನಕ್ಕೆ ಹಂಸ ಮೆಲುಕು ಹಾಕತೊಡಗಿತು, ಮೈ ಮಿಂಚಿತು. ನಿನ್ನೆ ಅದು ತೂಕದ ಹಲಗೆ ಹತ್ತಿದಾಗ ಊರೇ ಸುತ್ತ ನೆರೆದಿತ್ತು. ತಳಿಮನೆಯವರು ಅದರ ಬೆನ್ನು ತಟ್ಟಿ, ಬರಿಗೈಯಲ್ಲಿ ಹೊರಟುಹೋದರು.

ಈಗ ಒಂದೇ ಕೋರಿಕೆ. ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದ ಹಾಗೆ, ನಿಮ್ಮ ಹೊಸ ಸೊಸೆ ಹಿಂಡಿಯ ವಾಸನೆಗೆ ಮೂಗು ಮುಚ್ಚಿ ಅತ್ತಳಂತೆ. ಪಾಪ, ಈ ಪದ್ಧತಿ ಬಿಟ್ಟುಬಿಡೋಣ ಎಂದು ನಿಮಗೂ ಅನಿಸಿತ್ತಂತೆ. ಬಿಡಬೇಡಿ ಆಯಿ. ತಲೆ ಸವರಿ ಸಮಾಧಾನ ಮಾಡಿ, ಆದರೆ ಬುಟ್ಟಿಯನ್ನು ಅವಳ ಕೈಗೇ ಕೊಡಿ. ಅವಳು ಕಲಸಿದರೆ ಮಾತ್ರ ಇಲ್ಲಿ ನಮ್ಮ ಹಂಸ ಉಂಡೀತು.