ಉತ್ತರದ ಪಡಸಾಲೆ

ಏಪ್ರಿಲ್ ೬, ಬೆಳಿಗ್ಗೆ

ಟೋಸ್ಟ್ ಮತ್ತೆ ಕರಕಲು. ಫಿಂಟನ್ ಅದನ್ನೂ ತಿಂದ. ಮದುವೆಯಾಗಿ ಮೂರೇ ವಾರ, ಏನು ಕೊಟ್ಟರೂ ತಿನ್ನುತ್ತಾನೆ, ಪಾಪ!

"ನಿಮ್ಮ ಡಬ್ಲಿನ್ ಕಡೆ ಹೀಗೇ ತಿಂತಾರೇನಮ್ಮಾ?" ಅಂದರು ಅತ್ತೆ. ನಕ್ಕೆ. ಎಷ್ಟು ಖುಷಿಯಾಗಿದ್ದೇನೆಂದರೆ ಹೆದರಿಕೆಯಾಗುತ್ತದೆ.

ಚರ್ಚಿಗೆ ಓಡಬೇಕು. ಹದಿಮೂರನೇ ಶತಮಾನದ್ದು, ಈಗ ಮ್ಯೂಸಿಯಂ. ಕಟ್ಟಡದ ಚರಿತ್ರೆ ಬರೆಯುವ ಕೆಲಸ ನನ್ನದು. ಅತ್ತೆ ಮಾತ್ರ ಆ ಕಡೆ ಕಾಲಿಡುವುದಿಲ್ಲ. ಯಾಕೋ...

ಅದೇ ದಿನ, ಸಂಜೆ

ಸಿಕ್ಕಿತು, ಸಿಕ್ಕಿತು! ಉತ್ತರದ ಗೋಡೆಯ ಗಾರೆ ಕೆರೆದರೆ ಒಳಗೆ ಕಂಬಗಳು, ಕಮಾನುಗಳು! ಅಂದರೆ ಅದು ಹೊರಗೋಡೆಯೇ ಅಲ್ಲ. ಆಚೆ ಚರ್ಚಿನದೇ ಇನ್ನೊಂದು ಪಡಸಾಲೆ ಇತ್ತು. ಎಂದೋ ಅದನ್ನು ಕೆಡವಿ, ಕಮಾನುಗಳ ನಡುವೆ ಕಲ್ಲು ತುಂಬಿದ್ದಾರೆ. ಈಗ ಅಲ್ಲಿ ಬರೀ ಹುಲ್ಲು.

ಊಟಕ್ಕೆ ಕೂತು ಇದನ್ನೇ ಬಡಬಡಿಸಿದೆ. ಅತ್ತೆಯ ಕೈ ನಿಂತಿತು.

"ಎಲ್ಲೀವರೆಗಿತ್ತು ಅದು?"

"ಗೊತ್ತಿಲ್ಲ ಅತ್ತೆ, ಅಗೆದು ನೋಡ್ಬೇಕು."

ತಟ್ಟೆ ಬಿಟ್ಟು ಎದ್ದುಹೋದರು.

ಏಪ್ರಿಲ್ ೭

ಫಿಂಟನ್ ಹೇಳಿದ. ಅವನಿಗಿಂತ ಮೊದಲು ಒಂದು ಹೆಣ್ಣುಮಗು. ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿ ಹೆಸರಿಡುವ ಮೊದಲೇ ಹೋಯಿತು. ಅಂಥ ಮಕ್ಕಳಿಗೆ ಆಗ ಊರ ಸ್ಮಶಾನದಲ್ಲಿ ಜಾಗವಿರಲಿಲ್ಲ. ಮಾವ ಮುಸ್ಸಂಜೆಯಲ್ಲಿ ಒಬ್ಬರೇ ಪೆಟ್ಟಿಗೆ ಹಿಡಿದು ಹೋಗಿ, ಈ ಚರ್ಚಿನ ಉತ್ತರದ ಗೋಡೆಯಾಚೆ ಹುಗಿದು, ಮೇಲೊಂದು ಬಿಳಿ ಕಲ್ಲಿಟ್ಟು ಬಂದರಂತೆ. ದೇವರ ಮನೆಯ ಹೊರಗೆ.

"ಅಮ್ಮನ ಹತ್ರ ಇದನ್ನ ಎತ್ತಬೇಡ, ಪ್ಲೀಸ್. ಪಡಸಾಲೆ ಆ ಕಲ್ಲಿಗಿಂತ ಈಚೆಗೇ ಮುಗಿದಿದ್ರೆ ಮಗು ಮತ್ತೆ ಹೊರಗೇ ಅಂತಾಗಲ್ವಾ?"

ಇಡೀ ದಿನ ಕೂತಲ್ಲಿ ಕೂರಲಾಗಲಿಲ್ಲ.

ಏಪ್ರಿಲ್ ೧೫

ಅಗೆತ. ಬಿಳಿ ಕಲ್ಲಿನ ಹತ್ತಿರಕ್ಕೆ ಗುದ್ದಲಿ ಬಿಡಲಿಲ್ಲ. ದೂರದ ಮೂಲೆಯಲ್ಲಿ, ಗೋಡೆಯಿಂದ ಹೊರಕ್ಕೆ ಕಾಲುವೆಯಂಥ ಉದ್ದನೆಯ ಗುಂಡಿ. ಪಡಸಾಲೆಯ ಹೊರಗೋಡೆಯ ತಳಪಾಯ ಎಷ್ಟು ದೂರದಲ್ಲಿ ಸಿಕ್ಕರೆ ಅಷ್ಟು ಒಳ್ಳೆಯದು, ಬಿಳಿ ಕಲ್ಲು ಒಳಗಾಗುತ್ತದೆ. ಏನೂ ಸಿಗದಿರಲಿ ಎಂದು ಹಾರೈಸುತ್ತ ಅಗೆಸುವುದು — ಇದೇ ಮೊದಲು!

ಫಿಂಟನ್ ಜೊತೆ ಮೊದಲ ಜಗಳ. "ನಿಂಗೆ ಅದೊಂದು ಕಟ್ಟಡ ಅಷ್ಟೇ," ಅಂದ. ಅಲ್ಲ. ಅಲ್ಲವೇ ಅಲ್ಲ.

ಏಪ್ರಿಲ್ ೧೮

ತಳಪಾಯ ಸಿಕ್ಕಿತು. ನಡುವೆ ಬಾಗಿಲಿನ ಜಾಗವೂ. ಹೊಸ್ತಿಲ ಕಲ್ಲನ್ನು ಯಾರೋ ಕಿತ್ತೊಯ್ದಿದ್ದಾರೆ. ಗೋಡೆಯ ನೇರಕ್ಕೆ ದಾರ ಕಟ್ಟಿದೆವು.

ಮನೆಗೆ ಓಡಿದೆ. ಫಿಂಟನ್ ತಡೆಯುವ ಮೊದಲೇ ಹೇಳಿಬಿಟ್ಟೆ. "ಒಳಗಿದೆ ಅತ್ತೆ. ಕಲ್ಲು ಒಳಗೇ ಇದೆ."

ಅಳುತ್ತಾರೆ ಅಂದುಕೊಂಡಿದ್ದೆ. ಸಿಟ್ಟಾದರು.

"ಹಾಗಾದ್ರೆ ಇಷ್ಟು ವರ್ಷ ಹೊರಗಿದ್ದೋಳು ನಾನಾ?"

ಕೋಟು ಹಾಕಿಕೊಂಡರು. "ನಡಿ. ಬಾಗಿಲೆಲ್ಲಿತ್ತು ತೋರ್ಸು. ಗೋಡೆ ಹಾರಿ ಹೋಗೋಳಲ್ಲ ನಾನು."

ತೋರಿಸಿದೆ. ಹುಲ್ಲು, ಎರಡು ಗೂಟ, ಅಷ್ಟೇ. ಅತ್ತೆ ತಲೆಗೆ ಸ್ಕಾರ್ಫ್ ಬಿಗಿದರು. ಐರಿಷ್‌ನಲ್ಲಿ ಏನೋ ಅಂದರು. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೆ ಅದು ತಿಳಿಯಲಿಲ್ಲ. ಇಲ್ಲದ ಹೊಸ್ತಿಲು ದಾಟಲು ಕಾಲು ಎತ್ತಿದರು. ಫಿಂಟನ್ ಹಿಡಿಯಲು ಹೋದ. ಅವರು ನನ್ನ ಕೈ ಹಿಡಿದರು. ಒಳಗೆ ಬಂದೆವು. ಆಮೇಲೆ ಅವರು ಕಲ್ಲಿನ ಹತ್ತಿರ ಕೂತು, ಮಗುವಿಗೆ ಮೊದಲ ಸಲ ಒಂದು ಹೆಸರಿಟ್ಟು ಕರೆದರು.