ಬೂದ ಎಳೆದದ್ದು ಒಂದೇ ಸಲ

ಪ್ರೀತಿಯ ಅಣ್ಣಾ,

ಶಾಲೆಯಲ್ಲಿ ನಿನ್ನ ಮೇಲೆ ಚಾಡಿ ಹೇಳಿದ್ದು ನೀನು ಓಡಿಸುವ ವ್ಯಾನಿನ ಆಯಾ ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಪಾಪ, ಆ ಹೆಂಗಸಿನ ತಂಟೆಗೆ ಹೋಗಬೇಡ. ಹೇಳಿದವಳು ನಾನು. ಎದುರು ಕೂತು ವಿವರಿಸೋಣವೆಂದರೆ ನೀನು ಫೋನು ಎತ್ತುವುದಿಲ್ಲ, ಬಾಗಿಲು ತಟ್ಟಿದರೆ ಟೀವಿಯ ಸದ್ದು ಜೋರು ಮಾಡುತ್ತೀಯ. ಅದಕ್ಕೇ ಈ ಕಾಗದ.

ಎರಡು ತಿಂಗಳ ಹಿಂದೆ ನೀನು ಮೊಣಕೈಗೆ ಪಟ್ಟಿ ಸುತ್ತಿಕೊಂಡು ಬೂದನನ್ನು ನನ್ನ ಹೊಲಿಗೆ ಅಂಗಡಿಗೆ ತಂದು ಬಿಟ್ಟೆಯಲ್ಲ, "ಈ ಶನಿ ಎಳೆದ ಎಳೆತಕ್ಕೆ ಬೋರಲು ಬಿದ್ದೆ ಕಣೇ. ನೀನಾದ್ರೂ ಇಟ್ಕೋ, ಇಲ್ಲಾಂದ್ರೆ ಎಲ್ಲಾದ್ರೂ ಬಿಟ್ಟು ಬರ್ತೀನಿ" ಎಂದೆ. ಆರು ವರ್ಷ ತೊಡೆಯ ಮೇಲೆ ಬೆಳೆಸಿದ ನಾಯಿಯನ್ನು ಹೋಗುವಾಗ ತಿರುಗಿಯೂ ನೋಡಲಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತು. "ಇವಳಿಗೆ ಹಗ್ಗ ತೋರಿಸಿದ್ರೂ ಹಾವು ಅಂತಾಳೆ" ಎಂದು ನೀನೇ ನಗುತ್ತಿದ್ದೆ. ಆರು ವರ್ಷ ಎಳೆಯದ ನಾಯಿ ಈಗ ಯಾಕೆ ಎಳೆಯಿತು? ಹುಳ ಅವತ್ತೇ ತಲೆಗೆ ಹೊಕ್ಕಿತು.

ಸರಿ, ಎಳೆಯುವ ನಾಯಿ ತಾನೇ, ತಿದ್ದೋಣ ಎಂದು ಸಾಕುಪ್ರಾಣಿಗಳ ಅಂಗಡಿಗೆ ಹೋದೆ. ಅಂಗಡಿಯವನು ಎಳೆದಷ್ಟೂ ಬಿಗಿಯುವ ಚೈನು, ಒಳಮೈಗೆ ಮುಳ್ಳಿರುವ ಕೊರಳಪಟ್ಟಿ ಎಲ್ಲ ಮೇಜಿನ ಮೇಲೆ ಹರಡಿದ. "ಎರಡೇ ದಿನ ಮೇಡಂ, ಬಾಲ ಮುದುರ್ಕೊಂಡು ಹಿಂದೆ ಬರುತ್ತೆ. ನೋವೇನೂ ಆಗಲ್ಲ." ನೋವಾಗದೆ ಬಾಲ ಯಾಕೆ ಮುದುರುತ್ತದೆ? ಮುಳ್ಳಿನ ಪಟ್ಟಿಯನ್ನು ನನ್ನ ಮುಂಗೈಗೇ ಸುತ್ತಿ ಎಳೆದು ನೋಡಿದೆ. ಮೂಡಿದ ಗುರುತು ಸಂಜೆಯಾದರೂ ಹೋಗಲಿಲ್ಲ. ಅವನ ಹತ್ತಿರ ಮರುಮಾತಾಡದೆ ಎದೆಗೆ ಹಾಕುವ ಬೆಲ್ಟೊಂದನ್ನು ತಂದೆ. ಅದರಲ್ಲಿ ಹಗ್ಗ ಸಿಕ್ಕಿಸುವ ಬಳೆ ಎದೆಯ ಮುಂದಿರುತ್ತದೆ. ನಾಯಿ ಎಳೆದರೆ ಅದರ ಮೈಯೇ ನಮ್ಮ ಕಡೆಗೆ ತಿರುಗುತ್ತದೆ, ಕೊರಳಿಗೆ ಪೆಟ್ಟಿಲ್ಲ. ಬೂದನನ್ನು ನಿಲ್ಲಿಸಿ, ರವಿಕೆಗೆ ಅಳತೆ ತೆಗೆದ ಹಾಗೆ ಎದೆಯ ಸುತ್ತಳತೆ ತೆಗೆದೆ. ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟೆ. ಕಂಕುಳಲ್ಲಿ ಹೊಲಿಗೆ ಒರಟಾಗಿತ್ತು, ಮೆತ್ತನೆ ಹತ್ತಿ ಬಟ್ಟೆಯ ಒಳಪಟ್ಟಿ ಕೊಟ್ಟೆ. ನಾಯಿ ಡಾಕ್ಟರು ಹೇಳಿಕೊಟ್ಟರು: "ಹಗ್ಗ ಬಿಗಿಯಾದ್ರೆ ನೀವು ನಿಂತುಬಿಡಿ. ಸಡಿಲ ಆದ್ಮೇಲೆ ಹೆಜ್ಜೆ ಇಡಿ. ಪಕ್ಕದಲ್ಲೇ ನಡೆದ್ರೆ ತಿನ್ನೋಕೆ ಏನಾದ್ರೂ ಕೊಡಿ."

ಜೇಬಿನ ತುಂಬ ಬೇಯಿಸಿದ ಮೊಟ್ಟೆಯ ಚೂರು ಹಾಕಿಕೊಂಡು ಹೊರಟೆ. ಮೊದಲ ದಿನ ಎಳೆಯಲಿಲ್ಲ. ವಾರವಾಯಿತು, ಎಳೆಯಲಿಲ್ಲ. ಬೇಕೆಂದೇ ಬೆಕ್ಕುಗಳಿರುವ ಓಣಿಗೆ ಕರೆದೊಯ್ದೆ. ಕಿವಿ ನಿಮಿರಿಸಿದ, ಅಷ್ಟೆ. ಹೊಸ ಮನೆಯಲ್ಲಿ ಒಳ್ಳೆಯವನ ಹಾಗೆ ನಟಿಸುತ್ತಿದ್ದಾನೋ ಎಂದು ನಾಯಿಯ ಮೇಲೂ ಅನುಮಾನಪಟ್ಟೆ, ನೋಡು. ಆದರೆ ಅವನದೊಂದು ವಿಚಿತ್ರ ಅಭ್ಯಾಸವಿತ್ತು. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ನನ್ನ ಮುಖ ನೋಡುತ್ತಿದ್ದ. ನಾನು ಸ್ವಲ್ಪ ಎಡವಿದರೂ ಸಾಕು, ಅಡ್ಡ ಬಂದು ಇಡೀ ಮೈಯನ್ನು ನನ್ನ ಮೊಣಕಾಲಿಗೆ ಒತ್ತಿ ಗೋಡೆಯ ಹಾಗೆ ನಿಲ್ಲುತ್ತಿದ್ದ. ಬೆನ್ನ ಮೇಲೆ ಕೈಯಿಟ್ಟ ಮೇಲೇ ಮುಂದಿನ ಹೆಜ್ಜೆ.

ಡಾಕ್ಟರಿಗೆ ಹೇಳಿದೆ. ಅವರು ಬೂದನ ತಲೆ ಸವರುತ್ತಾ, "ಇದನ್ನ ಯಾರೂ ಕಲಿಸಿರಲ್ಲ. ಆಗಾಗ ಬೀಳೋರ ಜೊತೆ ಓಡಾಡಿ ತಾನೇ ಕಲಿತಿರುತ್ತೆ" ಎಂದರು.

ಆಗಾಗ ಬೀಳೋರು. ನಿನ್ನ ಮೊಣಕೈಯ ಪಟ್ಟಿ ನೆನಪಾಯಿತು.

ಅತ್ತಿಗೆಯ ಹತ್ತಿರ ಹೋಗಿ, "ಬೂದ ಅಲ್ಲೂ ಹೀಗೇ ನಿಂತು ನಿಂತು ನಡೀತಿದ್ನಾ?" ಎಂದಷ್ಟೇ ಕೇಳಿದೆ. ಒಣಗಿದ ಬಟ್ಟೆ ಮಡಚುತ್ತಿದ್ದವರು ತಲೆಯೆತ್ತದೆ, "ನಿಮ್ಮಣ್ಣಂಗೆ ಏನಾಗಿದೆ? ಗುಂಡುಕಲ್ಲಿನ ಹಾಗಿದ್ದಾರೆ" ಎಂದರು. ನಾನು ಕೇಳಿದ್ದು ನಾಯಿಯ ವಿಷಯ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಆಮೇಲೆ ನಾನು ಮಾಡಿದ್ದು ಪತ್ತೇದಾರಿಯೇ, ಒಪ್ಪುತ್ತೇನೆ. ಮೂರು ದಿನ ಶಾಲೆ ಬಿಡುವ ಹೊತ್ತಿಗೆ ಬೂದನ ಜೊತೆ ಎದುರಿನ ಕಾಂಪೌಂಡಿನ ಮರೆಯಲ್ಲಿ ನಿಂತೆ. ಮೂರನೆಯ ದಿನ ಹದಿನಾಲ್ಕು ಮಕ್ಕಳು ಹತ್ತಿ ಕೂತಿದ್ದರು, ಆಯಾ ಹಿಂದಿನ ಬಾಗಿಲು ಹಾಕುತ್ತಿದ್ದಳು. ನಿನ್ನ ತಲೆ ಸ್ಟೀರಿಂಗ್ ಮೇಲೆ ಬಿತ್ತು. ಹಾರನ್ನು ಒಂದೇ ಸಮನೆ ಕೂಗಿತು. ಮಕ್ಕಳು ಆಟವೆಂದುಕೊಂಡು ಕೇಕೆ ಹಾಕಿ ನಕ್ಕರು. ಆಗ ಬೂದ ಎಳೆದ, ಅಣ್ಣಾ, ನನ್ನ ಕೈಯಲ್ಲಿ ಮೊದಲ ಸಲ ಎಳೆದ. ಅಂಗೈ ಸುಟ್ಟುಹೋಗುವ ಹಾಗೆ, ನಿನ್ನ ಕಡೆಗೆ. ನಾವು ರಸ್ತೆ ದಾಟುವಷ್ಟರಲ್ಲಿ ನೀನು ಎದ್ದು ಮುಖ ಒರೆಸಿಕೊಂಡು ವ್ಯಾನು ಹೊರಡಿಸಿಯೇ ಬಿಟ್ಟಿದ್ದೆ. ನಾನು ನಾಯಿಯನ್ನು ಕರೆದುಕೊಂಡೇ ಹೆಡ್‌ಮೇಡಂ ಕೋಣೆಗೆ ನುಗ್ಗಿದೆ. ಅವರು ಆಯಾಳಿಗೆ ಫೋನು ಮಾಡಿ ಮುಂದಿನ ತಿರುವಿನಲ್ಲಿ ವ್ಯಾನು ನಿಲ್ಲಿಸಿದರು. ಅವಳು ಮಾಡಿದ ತಪ್ಪೆಂದರೆ ಆ ಫೋನು ಎತ್ತಿದ್ದು.

ಈಗ ಹೃದಯದ ಡಾಕ್ಟರು, ಎದೆಬಡಿತ ನಡುನಡುವೆ ನಿಂತು ನಿಂತು ಹೋಗುತ್ತಿದೆ, ಚಿಕ್ಕ ಯಂತ್ರವೊಂದನ್ನು ಕೂರಿಸಬೇಕು ಎಂದಿದ್ದಾರೆ. ನೀನು ಮಾತ್ರ ಎಲ್ಲರೂ ಸೇರಿ ನಿನ್ನ ಕೆಲಸ ಕಿತ್ತುಕೊಳ್ಳಲು ಹೂಡಿದ ಆಟ ಎನ್ನುತ್ತೀಯಂತೆ. ಅತ್ತಿಗೆ ಮೊನ್ನೆ ಬಂದು ಅತ್ತರು. "ನಾಲ್ಕು ಸಲ ಬಿದ್ದಿದ್ರು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ನಾಲ್ಕು ಸಲಾನೂ ಜನ ಬರೋವರೆಗೂ ಬೂದಾನೇ ಬೊಗಳ್ತಾ ನಿಂತಿದ್ದ" ಎಂದರು. ನಿನ್ನ ಮೇಲೆ ನನಗೆ ಉಳಿದಿರುವ ಅನುಮಾನ ಒಂದೇ. ನೀನು ಅವನನ್ನು ಮನೆಯಿಂದ ಕಳಿಸಿದ್ದು ಎಳೆದನೆಂದಲ್ಲ. ನಿನ್ನ ಗುಟ್ಟು ಬಲ್ಲವನೆಂದು.

ಇಪ್ಪತ್ತೆರಡು ವರ್ಷ ಒಂದು ಮಗುವಿಗೂ ತರಚು ಗಾಯವಾಗದ ಹಾಗೆ ಓಡಿಸಿದ ಕೈಯಿಂದ ಸ್ಟೀರಿಂಗ್ ಬಿಡಿಸಿದ್ದೇನೆ. ಸಿಟ್ಟಿದ್ದರೆ ನನ್ನ ಮೇಲಿರಲಿ, ಹೊರುತ್ತೇನೆ. ಆಪರೇಷನ್ನಿಗೆ ಶುಕ್ರವಾರ ಬರಹೇಳಿದ್ದಾರಂತೆ. ಬೆಳಿಗ್ಗೆ ಎಂಟಕ್ಕೆ ನಾನೂ ಬೂದನೂ ನಿನ್ನ ಗೇಟಿನ ಹತ್ತಿರ ಇರುತ್ತೇವೆ. ನನ್ನ ಜೊತೆ ಮಾತಾಡದಿದ್ದರೂ ಚಿಂತೆಯಿಲ್ಲ. ಹಗ್ಗ ನಿನ್ನ ಕೈಗೆ ಕೊಟ್ಟು ನಾನು ನಾಲ್ಕು ಹೆಜ್ಜೆ ಹಿಂದೆ ಬರುತ್ತೇನೆ. ಅವನು ನಿಂತು ಮುಖ ನೋಡಿದಾಗ ನೀನೂ ನಿಲ್ಲು. ಬೆನ್ನ ಮೇಲೆ ಕೈಯಿಡು. ಆಮೇಲೆ ನಡೆ.

ಚಿಕ್ಕವಳು ದೊಡ್ಡವನನ್ನು ಹರಸಬಾರದಂತೆ. ಇದೊಂದು ಸಲ ಹರಸುತ್ತೇನೆ, ಬೈಯಬೇಡ: ನಿನ್ನ ಎದೆ ತಪ್ಪದೆ ಬಡಿಯುತ್ತಿರಲಿ.

ನೀನು ಬಾಗಿಲು ತೆಗೆಯುವವರೆಗೂ ತಟ್ಟುತ್ತಲೇ ಇರುವ,
ನಿನ್ನ ತಂಗಿ